ಹೊಸ ಪಾತ್ರೆಯ ಮೊದಲ ನೀರು

ಗುದೈಬಿಯಾ, ಬಹ್ರೈನ್
11 ಏಪ್ರಿಲ್ 2025, ಶುಕ್ರವಾರ

ಎಡ್ಮಂಡರಿಗೆ ವಾಯೊಲೆಟಳ ನಮಸ್ಕಾರ.

ನಾನು ಕ್ಷೇಮ. ನೀವೂ ಕ್ಷೇಮವೆಂದು ಪಕ್ಕದ ಫ್ಲ್ಯಾಟಿನ ಫ್ಲಾವಿಯಾ ಹೇಳಿದಳು. ಅವಳ ತಾಯಿ ನಿಮ್ಮನ್ನು ಪ್ರತಿ ಭಾನುವಾರ ಇಗರ್ಜಿಯಲ್ಲಿ ನೋಡುತ್ತಾರಂತೆ. ಕೊಂಕಣಿಯಲ್ಲಿ ಬರೆಯಲು ಕುಳಿತರೆ ಮೊದಲ ಸಾಲಿಗೇ ಜಗಳ ಹುಟ್ಟುತ್ತದೆ, ಅದಕ್ಕೇ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಊರಿಗೆ ಬರುವುದಿಲ್ಲ.

ಹಳೆ ಭಟ್ಟಿ ಮುಚ್ಚಿತಂತೆ, ಇನ್ನು ಅಲ್ಲಿ ನಿನಗೇನು ಕೆಲಸ, ಬಂದುಬಿಡು, ನಾನು ಎಲ್ಲವನ್ನೂ ಕ್ಷಮಿಸಿದ್ದೇನೆ ಎಂದು ಬರೆದಿದ್ದೀರಿ. ಯಾವುದನ್ನು ಕ್ಷಮಿಸಿದಿರಿ ಮಾರಾಯ್ರೇ? ಹತ್ತೊಂಬತ್ತು ವರ್ಷಗಳ ಹಿಂದೆ ಶಿಲುಬೆ ಮುಟ್ಟಿ ಕುಡಿತ ಬಿಟ್ಟೆ ಎಂದವರು ನೀವು. ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಬಂದರೂ ವಾಸನೆ ಬರುತ್ತದೆ ಎಂದದ್ದಕ್ಕೆ, ನಿನ್ನ ಮೂಗಿಗೇ ರೋಗ ಎಂದವರೂ ನೀವು. ನಾನು ಇಲ್ಲಿಗೆ ಬಂದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು, ಹೆಂಡತಿ ಅರಬ್ಬರ ದೇಶದಲ್ಲಿ ಸಾರಾಯಿ ಇಳಿಸುತ್ತಾಳೆ ಎಂದು ಸಾರಿದಿರಿ. ನಾನು ಇಳಿಸುವುದು ಖರ್ಜೂರದ ಹೊಂಬಾಳೆಯ ನೀರು. ಇಲ್ಲಿ ಅದನ್ನು ಹೊಟ್ಟೆನೋವಿಗೆ ಕುಡಿಯುತ್ತಾರೆ, ಚಹಕ್ಕೂ ನಾಲ್ಕು ಹನಿ ಹಾಕುತ್ತಾರೆ. ಎಷ್ಟು ಕುಡಿದರೂ ಯಾರೂ ಮನೆಗೆ ಬಂದು ಬಟ್ಟಲು ಒಡೆಯುವುದಿಲ್ಲ.

ಅರಾದ್‌ನ ಹಳೆ ಭಟ್ಟಿ ಮುಚ್ಚಿದ್ದು ನಿಜ. ತಾಮ್ರದ ಎರಡು ಹಂಡೆ, ಮುಚ್ಚಳದ ಸಂದಿಗೆ ಮೆತ್ತಲು ಗೋಧಿ ಹಿಟ್ಟು, ತಣ್ಣೀರಿನ ತೊಟ್ಟಿಯೊಳಗೆ ಹಾದು ಬರುವ ಕೊಳವೆ, ಅದರ ತುದಿಯಲ್ಲಿ ನಾನು. ಬಾಟಲಿ ತೊಳೆಯಲು ಸೇರಿದವಳು, ಹನಿಯ ಪರಿಮಳ ಯಾವಾಗ ಕೆಡುತ್ತದೆ, ಬೆಂಕಿ ಯಾವಾಗ ಆರಿಸಬೇಕು ಎಂದು ಹೇಳುವವಳಾದೆ. ಈಗ ನಮ್ಮ ಧಣಿ ಅರ್ಬಾಬ್ ಊರ ಹೊರಗೆ ದೊಡ್ಡ ಶೆಡ್ ಕಟ್ಟಿಸಿ ಸ್ಟೀಲಿನ ಯಂತ್ರ ತರಿಸಿದ್ದಾರೆ. ಅದನ್ನು ನಡೆಸಲು ಬೆಂಗಳೂರಿನಿಂದ ಸಾಹಿಲ್ ಎಂಬ ಎಂಜಿನಿಯರ್ ಬಂದಿದ್ದಾನೆ. ಮೂಗಿನ ಕೆಲಸವನ್ನು ಇನ್ನು ಮೀಟರ್ ಮಾಡುತ್ತದಂತೆ. ನನ್ನ ಕೈಗೆ ವೀಸಾ ರದ್ದತಿಯ ಕಾಗದ ಕೊಟ್ಟು, ತಿಂಗಳ ಕೊನೆಗೆ ಸಹಿ ಹಾಕು ಎಂದರು. ಆ ದಿನ ಬಸ್ಸಿನಲ್ಲಿ ಅತ್ತುಬಿಟ್ಟೆ. ಇದನ್ನು ನಿಮಗೆ ಹೇಳಬಾರದೆಂದಿದ್ದೆ, ಹೇಳಿಯಾಯಿತು.

ಆದರೂ ಸಾಹಿಲ್‌ಗೆ ಒಂದು ಮಾತು ಹೇಳಿದೆ: ಹೊಸ ಪಾತ್ರೆಯ ಮೊದಲ ನೀರು ಚೆಲ್ಲಬೇಕು. ಹೊಸ ಮಣ್ಣಿನ ಗಡಿಗೆಯಲ್ಲಿ ಗಂಜಿತಿಳಿ ಕುದಿಸಿ ಚೆಲ್ಲದೆ ಮೀನುಸಾರು ಮಾಡಬಾರದೆಂದು ನನಗೆ ಕಲಿಸಿದ್ದು ನಿಮ್ಮ ಅಮ್ಮನೇ. ಆ ಪುಣ್ಯಾತ್ಗಿತ್ತಿಯ ಮಾತು ಕಡಲು ದಾಟಿ ಬಂದಿದೆ. ಹುಡುಗ ನಕ್ಕ. "ಆಂಟಿ, ಇದು ಸ್ಟೀಲು, ಮಡಕೆ ಅಲ್ಲ. ಇನ್ನೂರು ಲೀಟರ್ ಸುಮ್ನೆ ಚೆಲ್ಲೋದಾ?" ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ನಾನೂ ಹಠದವಳು, ಎರಡನೇ ಸಲ ಹೇಳಲಿಲ್ಲ. ಹೇಳಬೇಕಿತ್ತು. ಆಗಲಿ, ಅನುಭವಿಸಲಿ ಎಂದು ಬಾಯಿ ಮುಚ್ಚಿಕೊಂಡು ನೋಡಿದ್ದು ನನ್ನ ತಪ್ಪು, ಒಪ್ಪುತ್ತೇನೆ.

ಮೊದಲ ಬಾಟಲಿ ಅರ್ಬಾಬರ ತಾಯಿಗೆ ಹೋಯಿತು. ಆ ಅಜ್ಜಿ ಒಂದು ಗುಟುಕು ಬಾಯಿಗೆ ಹಾಕಿ ಉಗಿದರಂತೆ, ಗ್ಯಾರೇಜಿನ ವಾಸನೆ ಎಂದರಂತೆ. ಮೀಟರಿನಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು. ಮಾರನೆಯ ಬೆಳಿಗ್ಗೆ ನನ್ನನ್ನು ಕರೆದೊಯ್ಯಲು ಗುದೈಬಿಯಾದ ನಮ್ಮ ಗಲ್ಲಿಗೆ ಕಾರು ಬಂತು. ಹೋದೆ. ಉಪಯೋಗಿಸಿ ಬಿಟ್ಟ ಹೊಂಬಾಳೆಯ ಸಿಪ್ಪೆ ತುಂಬಿಸಿ ಮೂರು ದಿನ ಕುದಿಸಿದೆ, ಮೂರು ದಿನವೂ ಚೆಲ್ಲಿಸಿದೆ. ಸಾಹಿಲ್ ಮೋರೆ ಊದಿಸಿಕೊಂಡೇ ಪೈಪು ಹಿಡಿದ. ನಾಲ್ಕನೆಯ ದಿನ ಎಳೆ ಹೊಂಬಾಳೆ ಹಾಕಿಸಿ, ಕೊಳವೆಯ ಬಾಯಿಯ ಹತ್ತಿರ ಮೂಗಿಟ್ಟು ನಿಂತೆ. ನಾನು ಸಾಕು ಎಂದ ಮೇಲೆಯೇ ಯಂತ್ರ ನಿಂತಿತು.

ಆಮೇಲೆ ಅರ್ಬಾಬ್ ಎರಡು ಲೋಟ ತಂದಿಟ್ಟರು. ಒಂದರಲ್ಲಿ ಅರಾದ್‌ನ ಕೊನೆಯ ನೀರು, ಇನ್ನೊಂದರಲ್ಲಿ ಆ ದಿನದ್ದು. ಹಳೆಯದು ಯಾವುದು ಹೇಳು ಎಂದರು. ನಾನು ಮೂಸಿ ಹೇಳಿದೆ. ಎಲ್ಲರ ಎದುರಿಗೇ ಆ ವೀಸಾ ಕಾಗದ ಹರಿದುಹಾಕಿದರು. ಈಗ ಹೊಸ ಶೆಡ್ಡಿನಲ್ಲಿ ಯಂತ್ರ ನಿಲ್ಲಿಸು ಎನ್ನುವ ಅಧಿಕಾರ ನನ್ನದು. ಹಳೆ ತಾಮ್ರದ ಹಂಡೆಯೊಂದನ್ನು ಕೇಳಿ ಪಡೆದು ಶೆಡ್ಡಿನ ಬಾಗಿಲಲ್ಲೇ ಇಡಿಸಿದ್ದೇನೆ.

ಹಾಗಾಗಿ ನನಗೆಂದು ಕೋಣೆಗೆ ಸುಣ್ಣ ಬಳಿಸಬೇಡಿ. ಬರುವುದಾದರೆ ರಜೆಗೆ ಬರುತ್ತೇನೆ, ಕ್ಷಮೆಗಲ್ಲ. ಮುಂದಿನ ಭಾನುವಾರ ಇಗರ್ಜಿಯ ಅಂಗಳದಲ್ಲಿ ಬೇಕಾದರೆ ಹೇಳಿ, ನನ್ನ ಹೆಂಡತಿ ಈಗ ದೊಡ್ಡ ಭಟ್ಟಿ ಇಳಿಸುತ್ತಾಳೆ ಎಂದು.

ರಜೆಗೆ ಬರುವ ಫ್ಲಾವಿಯಾಳ ಕೈಯಲ್ಲಿ ಒಂದು ಬಾಟಲಿ ಕಳಿಸಿದ್ದೇನೆ. ಊಟವಾದ ಮೇಲೆ ಎರಡು ಚಮಚ ಕುಡಿಯಿರಿ, ಹೊಟ್ಟೆಗೆ ಒಳ್ಳೆಯದು.

ಇಂತಿ, ಯಾರ ಕ್ಷಮೆಯೂ ಬೇಡದ
ವಾಯೊಲೆಟ್

ಮತ್ತೊಂದು ಮಾತು: ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಆ ದಿನ ನಾನು ಹಳೆಯದೆಂದು ತೋರಿಸಿದ್ದು ಹೊಸ ಯಂತ್ರದ ನೀರನ್ನು. ಲೋಟದ ಅಡಿಯ ಚೀಟಿ ನೋಡಿ ಸಾಹಿಲ್ ನಕ್ಕ. ಅರ್ಬಾಬ್ ನಗಲಿಲ್ಲ. ನಿನ್ನ ಮೂಗೇ ಮೋಸ ಹೋಗುವಷ್ಟು ಚೆನ್ನಾಗಿ ಇಳಿಸಿದವಳು ನೀನೇ ಅಲ್ಲವೇ ಎಂದು ಕೇಳಿ ಕಾಗದ ಹರಿದರು. ಇಷ್ಟು ವರ್ಷಗಳಲ್ಲಿ ನನ್ನ ಮೂಗು ತಪ್ಪಿದ್ದು ಅದೊಂದೇ ಸಲ. ನಿಮ್ಮ ಬಾಯಿಯ ಏಲಕ್ಕಿಯ ವಿಷಯದಲ್ಲಿ ತಪ್ಪಿರಲಿಲ್ಲ.