ಸರಿಯಾದ ಉತ್ತರ ಬರೆದ ತಪ್ಪಿಗೆ

ಅಧ್ಯಾಪಕರ ವಸತಿಗೃಹ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯಲ್ಲಿ ಎಲ್ಲರಿಗೂ ವಿಶ್ರಾಂತಿ ಹೇಳುವ ನರ್ಸಮ್ಮ ತಾನು ಮಾತ್ರ ಎರಡೆರಡು ಪಾಳಿ ನಿಲ್ಲುತ್ತಾಳೆಂದು ನಿನ್ನ ಮಗಳ ದೂರು. ಈ ಮನೆಯಲ್ಲಿ ಅವಳೂ ನಾನೂ ಆರೋಗ್ಯವಾಗಿದ್ದೇವೆ. ಮೊನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

೧. ಈ ವರ್ಷದಿಂದ ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಓದಿಗೆ ಕೃತಕ ಬುದ್ಧಿಮತ್ತೆಯ ನೆರವು ಪಡೆಯಬಹುದು. ಆದರೆ ಮಾಡದ ಪ್ರಯೋಗದ ವರದಿಯನ್ನು ಅದರಿಂದ ಬರೆಸಿ ಕೊಟ್ಟರೆ ಒಂದು ವರ್ಷ ಹೊರಗೆ.
೨. ನನ್ನ ಪ್ರಯೋಗಾಲಯದ ಹನ್ನೊಂದು ಮಂದಿ ವಿದ್ಯಾರ್ಥಿಗಳ ಮೇಲೆ ಆ ದೂರು ದಾಖಲಾಯಿತು.
೩. ಅವರಲ್ಲಿ ಒಬ್ಬಳು ನಿನ್ನ ಮಗಳು.
೪. ದೂರಿಗೆ ಸಹಿ ಹಾಕಿದವನು ನಾನು.
೫. “ಆ ಓದೂ ಬೇಡ, ನಿನ್ನ ಮನೆ ನೆರಳೂ ಬೇಡ, ನನ್ನ ಮಗಳನ್ನ ನನ್ನ ಹತ್ರ ಕಳಿಸಿಬಿಡು” ಎಂದು ನೀನು ಹೇಳಿದೆ.

ದೂರು ಹುಟ್ಟಿದ್ದು ನನ್ನದೇ ಒಂದು ಪದ್ಧತಿಯಿಂದ. ಯಂತ್ರ ಬರೆದದ್ದನ್ನು ಪತ್ತೆಹಚ್ಚುವ ತಂತ್ರಾಂಶವೊಂದನ್ನು ಮೇಲಿನವರು ಹಿಂದಿನ ವರ್ಷ ತರಿಸಿದ್ದರು. ಅದು ಮೊದಲ ವಾರದಲ್ಲೇ ಕುಲಪತಿಗಳ ಸ್ವಾಗತ ಭಾಷಣವನ್ನು ಹಿಡಿದುಕೊಟ್ಟಿತು. ಆಮೇಲೆ ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನನಗೆ ಅದರ ಅಗತ್ಯವೂ ಇರಲಿಲ್ಲ. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಮೀಟರುಗಳನ್ನು ನಾನು ಬೇಕೆಂದೇ ತುಸು ಕೆಡಿಸಿ ಇಡುತ್ತೇನೆ, ಒಂದೊಂದು ಮೇಜಿನಲ್ಲಿ ಒಂದೊಂದು ಪ್ರಮಾಣದಷ್ಟು. ಪ್ರಯೋಗ ಮಾಡಿದವರ ಉತ್ತರ ಅಷ್ಟರಮಟ್ಟಿಗೆ ತಪ್ಪಿರಲೇಬೇಕು. ಪುಸ್ತಕದಲ್ಲಿರುವ ಉತ್ತರವೇ ಬಂದರೆ ಅವರು ಮೇಜಿನ ಹತ್ತಿರ ಸುಳಿದಿಲ್ಲವೆಂದು ಅರ್ಥ. ಈ ಬಲೆಯ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯಿತ್ತು. ನಿನ್ನ ಮಗಳ ವರದಿಯಲ್ಲಿ ಪುಸ್ತಕದ ಉತ್ತರವೇ ಇತ್ತು. ಉಳಿದ ಹತ್ತು ಜನರ ಹೆಸರಿನ ಕೆಳಗೆ ಅವಳ ಹೆಸರನ್ನೂ ಬರೆದೆ. ನನ್ನ ಅಕ್ಕನ ಮಗಳೆಂದು ಬಿಡುವುದು ನನ್ನಿಂದ ಆಗುವ ಕೆಲಸವಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹಾಗೆ ಬೆಳೆಸಿದವಳೇ ನೀನು.

ಹತ್ತು ದಿನ ನಾವಿಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದೆವು. ಮನೆಯೊಳಗೆ ವಿಶ್ವವಿದ್ಯಾಲಯದ ಮಾತು ಕೂಡದೆಂಬ ನಿಯಮವನ್ನು ಅವಳು ಬಂದ ದಿನವೇ ಮಾಡಿದ್ದೆನಲ್ಲ, ಅದನ್ನು ಅವಳೂ ಮುರಿಯಲಿಲ್ಲ, ನಾನೂ ಮುರಿಯಲಿಲ್ಲ. ಅವಳು ಉಪ್ಪು ದಾಟಿಸುತ್ತಿದ್ದಳು, ನಾನು ನೀರು ಬಗ್ಗಿಸುತ್ತಿದ್ದೆ.

ಶಿಕ್ಷೆಗೆ ಮೊದಲು ಪ್ರತಿಯೊಬ್ಬರನ್ನೂ ಪ್ರಯೋಗದ ಮೇಜಿನ ಮುಂದೆ ನಿಲ್ಲಿಸಿ ಕೇಳಬೇಕೆಂಬುದು ಹೊಸ ನಿಯಮ. ಅವಳ ಸರದಿಯಲ್ಲಿ ನಾನು ಕೂರುವಂತಿರಲಿಲ್ಲ. ಪಕ್ಕದ ವಿಭಾಗದ ಅಧ್ಯಾಪಕಿ, ಒಂದು ನಿಮಿಷವೂ ತಡಮಾಡದ್ದಕ್ಕೆ ಹುಡುಗರ ಬಾಯಲ್ಲಿ ‘ಗಡಿಯಾರ ಮೇಡಂ’, ಪರೀಕ್ಷಕರಾಗಿ ಬಂದರು. ನಾನು ಹೊರಗೆ ಕಿಟಕಿಯ ಬಳಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವರು ಬಾಗಿಲಿಗೆ ಬಂದು, “ಒಳಗೆ ಬನ್ನಿ ಸರ್. ಇಲ್ಲಿ ಪರೀಕ್ಷೆ ನಡೀತಿರೋದು ಹುಡುಗೀಗಲ್ಲ, ನಿಮ್ಮ ಮೀಟರುಗಳಿಗೆ” ಎಂದರು.

ಮೂರು ಮೇಜುಗಳ ಮೂರು ಮೀಟರುಗಳನ್ನು ತಂದು ಅವಳು ಒಂದೇ ತಂತಿಗೆ ಸಾಲಾಗಿ ಜೋಡಿಸಿದ್ದಳು. ಹಾಗೆ ಜೋಡಿಸಿದರೆ ಮೂರರಲ್ಲೂ ಹರಿಯುವುದು ಒಂದೇ ವಿದ್ಯುತ್ತು. ಮುಳ್ಳುಗಳು ಮಾತ್ರ ಮೂರು ಬೇರೆ ಅಂಕಿಗಳ ಮೇಲೆ ನಿಂತಿದ್ದವು. “ಇದರಲ್ಲಿ ಯಾವುದನ್ನ ನಂಬ್ಲಿ ಹೇಳಿ ಮೇಡಂ” ಎಂದು ಕೇಳುತ್ತಿದ್ದಳು. ತನ್ನ ಉತ್ತರ ಪುಸ್ತಕಕ್ಕೆ ಹೊಂದದಿದ್ದಾಗ ಅವಳು ಆ ಕೃತಕ ಬುದ್ಧಿಯನ್ನೇ ಕಾರಣ ಕೇಳಿದ್ದಳಂತೆ. ತಂತಿ ಬಿಸಿಯಾಗಿರಬಹುದು, ಜೋಡಣೆ ಸಡಿಲವಿರಬಹುದು, ಮೀಟರೇ ಕೆಟ್ಟಿರಬಹುದು ಎಂದಿತಂತೆ ಅದು. ಒಂದೊಂದನ್ನೂ ಪರೀಕ್ಷಿಸಿ, ಕೊನೆಗೆ ಉಗ್ರಾಣದಲ್ಲಿದ್ದ ಖಚಿತವಾದ ಮೀಟರನ್ನು ಕೇಳಿ ಪಡೆದು, ತನ್ನ ಮೇಜಿನ ಮೀಟರಿನ ತಪ್ಪನ್ನು ಕಳೆದು, ತಿದ್ದಿದ ಅಳತೆಯನ್ನೇ ನಮೂದಿಸಿದ್ದಳು. ಅದನ್ನೆಲ್ಲ ವರದಿಯಲ್ಲಿ ಏಕೆ ಬರೆಯಲಿಲ್ಲವೆಂದರೆ, ಬರೆಯಲು ಜಾಗವಿರಲಿಲ್ಲ. ಉದ್ದೇಶ, ಅಳತೆ, ಉತ್ತರ ಎಂದು ಮೂರೇ ಅಂಕಣಗಳ ಆ ನಮೂನೆಯನ್ನು ರೂಪಿಸಿದವನೂ ನಾನೇ. ಕೆಟ್ಟ ಮೀಟರನ್ನು ನಂಬಿದವರನ್ನು ಪ್ರಾಮಾಣಿಕರೆಂದು ಬಿಟ್ಟು, ಅದನ್ನು ಅನುಮಾನಿಸಿದವಳನ್ನು ಹಿಡಿದಿದ್ದೆ.

ಮನೆಗೆ ನಡೆದು ಬರುವಾಗ, ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. “ಮನೇಲಿ ಹೇಳಿದ್ರೆ ಮಾವನ ಹತ್ರ ಶಿಫಾರಸು ಮಾಡಿಸ್ಕೊಂಡ ಹಾಗಾಗತ್ತೆ. ಕ್ಲಾಸಲ್ಲಿ ಸರ್ ಕೇಳಿದ್ರೆ ಹೇಳ್ತಿದ್ದೆ. ಸರ್ ಕೇಳಲೇ ಇಲ್ಲ” ಎಂದಳು. ಅಷ್ಟು ಹೇಳಿ ನನ್ನ ಕೈಯಲ್ಲಿದ್ದ ತರಕಾರಿ ಚೀಲವನ್ನು ತಾನು ತೆಗೆದುಕೊಂಡಳು. ನಾನು ಕ್ಷಮೆ ಕೇಳಿದೆ. “ಯಾರು ಕೇಳ್ತಿರೋದು, ಸರ್ರಾ, ಮಾವನಾ?” ಎಂದು ನಕ್ಕಳು. ನಾಲಿಗೆ ನಿನ್ನದೇ.

ಅವಳ ಮೇಲಿನ ದೂರನ್ನು ಲಿಖಿತವಾಗಿ ಹಿಂದಕ್ಕೆ ಪಡೆದಿದ್ದೇನೆ. ಉಳಿದ ಹತ್ತು ಜನರಲ್ಲಿ ಇನ್ನೊಬ್ಬನೂ ಹಾಗೆಯೇ ಪಾರಾದ. ಒಂಬತ್ತು ಜನಕ್ಕೆ ಪ್ರಯೋಗವನ್ನು ಮಾಡಿ ತೋರಿಸಲಾಗಲಿಲ್ಲ. ಅವರಿಗೆ ಒಂದು ವರ್ಷದ ಬದಲು ಪ್ರಯೋಗವನ್ನು ಮತ್ತೆ ಮಾಡುವ ಅವಕಾಶ ಕೊಡಿಸಿದ್ದೇನೆ. ಮುಂದಿನ ಸಾಲಿನಿಂದ ವಿದ್ಯಾರ್ಥಿಗಳು ಯಾವ ಯಂತ್ರವನ್ನು ಬೇಕಾದರೂ ಪಕ್ಕದಲ್ಲಿಟ್ಟುಕೊಳ್ಳಲಿ. ಅದು ಹೇಳಿದ್ದನ್ನು ಹೇಗೆ ಪರೀಕ್ಷಿಸಿದೆವೆಂದು ಕೈಯಾರೆ ಮಾಡಿ ತೋರಿಸಿದವರಿಗೆ ಅಂಕ. ವಿಭಾಗದ ಸಭೆ ಇದನ್ನು ಒಪ್ಪಿದೆ. ಇದು ಬಲೆಗಿಂತ ಗಟ್ಟಿಯಾದ ವ್ಯವಸ್ಥೆ ಎಂಬ ಭರವಸೆ ನನಗಿದೆ.

ಮಂಡಿಗೆ ಬಿಸಿ ಶಾಖ ಕೊಡು. ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಕ್ಕರೆಯ
ತಮ್ಮ

ಮರೆತ ಮಾತು: ಮೇಲಿನ ಐದನೆಯ ಅಂಶಕ್ಕೆ, ಅಂದರೆ ನಿನ್ನ ಮಾತಿಗೆ, ಉತ್ತರ ಬರೆಯಲೇ ಇಲ್ಲ. ಅವಳನ್ನು ಕಳಿಸುವುದಿಲ್ಲ, ಅವಳೂ ಬರುವುದಿಲ್ಲವಂತೆ. ಅವಳಿಗೆ ಪಾಠ ಹೇಳಲು ಇಲ್ಲಿ ಬೇಕಾದಷ್ಟು ಜನರಿದ್ದಾರೆ, ಮಾವನೆಂದು ಇರುವವನು ನಾನೊಬ್ಬನೇ. ಆದ್ದರಿಂದ ಅವಳು ಓದು ಮುಗಿಸುವವರೆಗೆ ಅವಳ ತರಗತಿಯ ಪ್ರಯೋಗಾಲಯವನ್ನು ಗಡಿಯಾರ ಮೇಡಂಗೆ ಬಿಟ್ಟುಕೊಟ್ಟಿದ್ದೇನೆ. ಊಟದ ಮೇಜಿನ ನಿಯಮವನ್ನು ನಿನ್ನೆಯಿಂದ ರದ್ದು ಮಾಡಿದ್ದೇನೆ.