ಎಡಕ್ಕ ಹೊರಳಿದ ಕುಣಿಕಿ

ದುಮ್ಮವಾಡ
ತಾ. 14-5-1986

ತಮ್ಮ ಉಡಚಪ್ಪಗ,

ನಿನ್ನ ಅಕ್ಕ ಬಸವಣ್ಣೆವ್ವ ಹರಸಿ ಬರಿಯೂದು. ನಾ ಇಲ್ಲೆ ಉಣಕೋತ ತಿನಕೋತ ಅದೇನಿ. ಅಳ್ನಾವರದಾಗ ನೀವೆಲ್ಲಾರೂ ಆರಾಮ ಅದೀರಿ ಅಂತ ತಿಳದೇನಿ. ನಿನ್ನ ಪತ್ರ ಬಂದು ಇಪ್ಪತ್ತ ದಿನ ಆತು. ತಡಾ ಆತಂತ ಸಿಟ್ಟಾಗಬ್ಯಾಡ. ಎರಡು ಸಲ ಬರದೆ, ಎರಡೂ ಸಲ ಒಲಿಗೆ ಹಾಕಿದೆ. ನಾಕನೇ ಇಯತ್ತೆ ಕಲತಾಕಿ, ಅಕ್ಷರ ಸೊಟ್ಟ ಅದಾವು. ನೀನ ಓದು, ಬ್ಯಾರೇದವರ ಕಡಿಂದ ಓದಸಬ್ಯಾಡ.

ಮಗಳು ಮಾದೇವಿ ಲಗ್ನ ಗಟ್ಟಿ ಆತು ಅಂತ ಬರದಿ. ಭಾಳ ಸಮಾಧಾನ ಆತು. ಆಕಿ ಹುಟ್ಟಿದಾಗ ಬಾಣಂತನ ಮಾಡಿದಾಕಿ ನಾನು. ಆದ್ರ ಬೀಗರ ಕಡೆ ಮಂದಿಗೆ ನನ್ನ ಸುದ್ದಿ ಗೊತ್ತಾಗೇತಿ, ಗಂಡನ ಕೊಂದ ಕೈಯಿಂದ ಅಕ್ಷತಾ ಬ್ಯಾಡ ಅಂತಾರ, ಲಗ್ನ ಆಗಿ ಎಂಟ ದಿನ ಬಿಟ್ಟು ಬಾ ಅಂತ ಬರದಿ. ಎಂಟ ದಿನ ಬಿಟ್ಟೂ ಬರೂದಿಲ್ಲ. ನೀ ಅಂಜಬ್ಯಾಡ.

ಇಲ್ಲೀ ಸುದ್ದಿ ಒಂದು ಹೇಳತೇನಿ. ನಮ್ಮ ಬಾಜೂ ಮನಿ ಜಮೀಲಾಬಿ ಮಗಳು ಶಮೀಮಾಬಿ ಹೋದ ಶುಕ್ರವಾರ ನೀರು ಸೇದೂವಾಗ ಕಾಲ ಜಾರಿ ಬಾವ್ಯಾಗ ಬಿದ್ಲು. ನಡುವ ಒಂದು ಕಲ್ಲಿನ ಚಾಚು ಹಿಡದು ಜೋತಾಡಾಕ ಹತ್ತಿದ್ಲು. ಗಂಡಸರು ಹಗ್ಗ ತಂದ್ರು, ಕುಣಿಕಿ ಹಾಕಿದ್ರು. ನಾ ನೋಡಿದೆ. ಕಣಕಿ ಹೊರಿ ಬಿಗಿಯೂ ಜೀರುಕುಣಿಕಿ ಅದು, ಎಳದಷ್ಟೂ ಬಿಗೀತೈತಿ. ಅದನ್ನ ಬಿಚ್ಚರಿ ಅಂತ ಒದರಿದೆ. ಹಿರೇ ಮನಶ್ಯಾ ಹುಚ್ಚಪ್ಪ ನನ್ನ ಅಡ್ಡಗಟ್ಟಿ, ಈಕಿ ಕೈ ಹಗ್ಗಕ್ಕ ಹತ್ತಸಬ್ಯಾಡ್ರಿ ಅಂದ.

ಜಮೀಲಾಬಿ ಗಂಡಸರ ಕೈಯಾಗಿನ ಹಗ್ಗ ಕಸಗೊಂಡು ನನ್ನ ಕೈಯಾಗ ಇಟ್ಲು. "ನೀ ಕಟ್ಟ ಬಸಕ್ಕಾ" ಅಂದ್ಲು. ಅಷ್ಟ.

ನಾಕು ವರ್ಷದ ಮ್ಯಾಲ ಹಗ್ಗ ಹಿಡದಿದ್ದೆ. ಸಣ್ಣದೊಂದು ಕಣ್ಣ ಮಾಡಿ, ತುದಿ ಕೆಳಗಿಂದ ತೂರಿಸಿ, ಉದ್ದನ ಹಗ್ಗದ ಹಿಂದಿನಿಂದ ಸುತ್ತ ತಂದು, ಮತ್ತ ಅದ ಕಣ್ಣಾಗ ಇಳಿಸಿ ಬಿಗಿದೆ. ಒಳಗ ಮುಷ್ಟಿ ಇಟ್ಟು ಜಗ್ಗಿ ನೋಡಿದೆ, ಜಾರಲಿಲ್ಲ. ಹುಡುಗಿ ಬಗಲಾಗ ಹಾಕ್ಕೊಂಡ್ಲು, ಮ್ಯಾಲ ಬಂದ್ಲು. ಮೈಮ್ಯಾಲ ಒಂದು ಗೀರೂ ಇರಲಿಲ್ಲ. ಹುಚ್ಚಪ್ಪ ದೇವರ ದೊಡ್ಡಾಂವ ಅಂತ ಹೇಳಿ ಮನಿಗೆ ಹೋದ. ನನ್ನ ಕಡೆ ಯಾರೂ ನೋಡಲಿಲ್ಲ. ನಮ್ಮತ್ತಿ ರೇವವ್ವ ನಾಕು ವರ್ಷದಿಂದ ನನ್ನ ಕೈಲೆ ನೀರ ಕುಡದಿಲ್ಲ, ಅವತ್ತೂ ತಾನ ಎದ್ದು ತಂಬಗಿ ತುಂಬಿಕೊಂಡ್ಲು.

ಆ ಹಗ್ಗ ಹಿಡದಾಗಿಂದ ಹಳೇದು ತಲಿ ಬಿಟ್ಟು ಹೋಗವಲ್ದು. ನೀ ಮರತಿದ್ರ ಇರಲಿ ಅಂತ ಬರೀತೇನಿ.

ನಿನ್ನ ಮಾವ, ನನ್ನ ಗಂಡ, ಊರೂರ ಬಾವಿ ಹೂಳ ತಗೀತಿದ್ದ. ಹನ್ನೊಂದು ವರ್ಷ ಅವನ್ನ ಇಳಿಸಿ ಎತ್ತೂ ಕುಣಿಕಿ ನಾನ ಕಟ್ಟಿದ್ದು, ಬ್ಯಾರೆ ಯಾರ ಕೈಯಾಗೂ ಕೊಡತಿರಲಿಲ್ಲ. ಅವತ್ತ ಬಮ್ಮಿಗಟ್ಟಿ ಬಾವಿ. ನೀ ನಮ್ಮ ಮನಿಗೆ ಬಂದಿದ್ದಿ, ಕೈಗೂಡಿಸಾಕ ಬರತೇನಿ ಅಂದಿ. ನಾ ಬುತ್ತಿ ತರಾಕ ಹೋದೆ. ನಾ ಬರೂತನಕ ಅವನ್ನ ಎತ್ತಬ್ಯಾಡ ಅಂತ ಹೇಳೇ ಹೋದೆ. ನೀ ಹೂಳಿನ ಬುಟ್ಟಿ ಕಟ್ಟಾಕ ನನ್ನ ಕುಣಿಕಿ ಬಿಚ್ಚಿದಿ. ಅಷ್ಟರಾಗ ಅವಗ ಒಳಗ ಉಸರ ಕಟ್ಟಿತು, ಎತ್ತರಿ ಅಂತ ಕೂಗಿದ. ನೀ ಗಡಿಬಿಡಿಲೆ ಜೀರುಕುಣಿಕಿ ಹಾಕಿ ಕೆಳಗ ಬಿಟ್ಟಿ. ಹಗ್ಗ ಎಳಿಯೂ ಆಳುಗಳು ಆ ಕಡೆ ನೆರಳಾಗ ಇದ್ರು, ಗಂಟು ಬದಲಾದದ್ದು ಅವರು ನೋಡಲಿಲ್ಲ. ಅವ ಕತ್ತಲಾಗ ನನ್ನ ಗಂಟು ಅಂತನ ತಿಳದು ಬಗಲಾಗ ಹಾಕ್ಕೊಂಡ. ನಲವತ್ತ ಫೂಟು ಎಳಿಯೂದ್ರಾಗ ಅದು ಎದಿ ಬಿಗೀತು. ನಾ ಬುತ್ತಿ ತಗೊಂಡು ಬಂದಾಗ ಅವನ್ನ ಕಲ್ಲಿನ ಮ್ಯಾಲ ಮಲಗಿಸಿದ್ರಿ.

ಫೌಜದಾರ್ರು ಹಗ್ಗ ಎತ್ತಿ ಹಿಡದು, ಈ ಗಂಟು ಯಾರದು ಅಂತ ಕೇಳಿದ್ರು. ನಾ ನೋಡಿದ ಕೂಡ್ಲೆ ಗುರತ ಹಿಡದೆ. ನನ್ನ ಗಂಟು ಬಲಕ್ಕ ಹೊರಳತೈತಿ, ಅದು ಎಡಕ್ಕ ಹೊರಳಿತ್ತು. ನಮ್ಮೊಳಗ ಎಡಚ ನೀನೊಬ್ಬನ. ನೀ ಕೈ ಹಿಂದ ಕಟಗೊಂಡು ನೆಲಾ ನೋಡಕೋತ ನಿಂತಿದ್ದಿ. ಹನ್ನೆರಡು ವರ್ಷ ದಿನಗೂಲಿ ಮಾಡಿ ಆ ವಾರಷ್ಟ ನಿನಗ ರೇಲ್ವೆದಾಗ ಕಾಯಂ ಆಗೂ ಹುಕುಂ ಬಂದಿತ್ತು. ಪೋಲೀಸ ಕೇಸ ಆದ್ರ ಅದು ಹೋಗತಿತ್ತು. ನಿನ್ನ ಎರಡು ಹೆಣ್ಣಮಕ್ಕಳ ಮಾರಿ ನನ್ನ ಕಣ್ಣ ಮುಂದ ಬಂತು.

"ನಾನ ಕಟ್ಟೀನ್ರಿ" ಅಂದೆ.

ಅವರು ಅಪಘಾತ ಅಂತ ಬರಕೊಂಡು ಹೋದ್ರು. ಊರ ಮಂದಿ ಬರಕೊಂಡದ್ದು ಬ್ಯಾರೆ. ಆವಾಗಿಂದ ನಾ ಏನೂ ಕೇಳಿಲ್ಲ ನಿನಗ. ಅವನ ದಿನಕರ್ಮ ಮುಗದ ಮ್ಯಾಲ ನೀ ಒಂದ ಸಲಾನೂ ಈ ಕಡೆ ಬರಲಿಲ್ಲ, ಅಂಜಿಕಿ ಇರಬೇಕು ಅನಕೊಂಡೆ. ಗಡಿಬಿಡ್ಯಾಗ ಆದ ತಪ್ಪು, ಬೇಕಂತ ಮಾಡಿದ್ದಲ್ಲ ಅಂತ ನನಗ ನಾನ ಹೇಳಕೋತ ಬಂದೇನಿ. ಇವತ್ತೂ ಹಂಗ ಅಂತೇನಿ.

ಈಗ ಶಮೀಮಾಬಿ ದಿನಾ ಬಂದು ಕುಣಿಕಿ ಹಾಕೂದು ಕಲೀತಾಳ. ಆಕೀ ಕೂಡ ಓಣಿ ಹುಡಿಗ್ಯಾರು ಇಬ್ಬರು ಬರತಾರ. ಯಾವುದು ಜಾರತೈತಿ, ಯಾವುದು ಜಾರೂದಿಲ್ಲ ಅಂತ ಕಣ್ಣ ಮುಚ್ಚಿಸಿ ಕೈಲೆ ಮುಟ್ಟಿಸಿ ಕೇಳತೇನಿ. ಹೇಳತಾರ. ಅವರ ತಾಯಂದ್ರು ಬಾಗಲದಾಗ ಬಂದು ನಿಲ್ಲತಾರ, ಒಳಗ ಬರೂದಿಲ್ಲ.

ಜಮೀಲಾಬಿ ಗಂಡ ಅಲ್ಲಾಭಕ್ಷ ಅಳ್ನಾವರಕ್ಕ ಹೊಂಟಾನ. ಅವನ ಕೈಯಾಗ ಈ ಪತ್ರ, ಮಾದೇವಿಗೆ ಒಂದು ಕುಬಸದ ಖಣ ಕಳಿಸೇನಿ. ಸೋದರತ್ತಿ ಕೊಟ್ಟದ್ದು ಅಂತ ಹೇಳೂದು ಆಗದಿದ್ರ ಸಂತ್ಯಾಗ ತಂದದ್ದು ಅನ್ನು. ಆಕಿ ಗಂಡನ ಮನ್ಯಾಗ ತಂಪಾಗಿರಲಿ, ಹೊಟ್ಟಿ ತುಂಬ ಮಕ್ಕಳಾಗಲಿ. ನಿಮಗೂ ಒಳ್ಳೇದಾಗಲಿ.

ನಿನ್ನ ಅಕ್ಕ,
ಬಸವಣ್ಣೆವ್ವ

ತಾ.ಕ.: ನಿನ್ನ ಪತ್ರದ ಕಡೀ ಸಾಲಿನ ಸುದ್ದಿ ಮ್ಯಾಲ ಬರಿಯಾಕ ಆಗಲಿಲ್ಲ. "ಅಕ್ಕಾ, ಅವತ್ತ ನಿನ್ನ ಕೈಯಿಂದಾದ ತಪ್ಪನ್ನ ನಾ ಎಂದೋ ಕ್ಷಮಾ ಮಾಡೇನಿ" ಅಂತ ಬರದಿ. ಹೆಂಡತಿ ಮುಂದ ಓದಿ ತೋರಸಾಕ ಬರದ್ಯೋ, ಇಲ್ಲಾ ಖರೇನ ಹಂಗ ನಂಬಿ ಬಿಟ್ಟ್ಯೋ, ತಿಳೀಲಿಲ್ಲ. ತೋರಸಾಕ ಬರದಿದ್ರ ಇರಲಿ. ನಂಬಿದ್ರ, ಖರೇ ಏನಂತ ಗೊತ್ತಿದ್ದವರು ಈ ಭೂಮಿ ಮ್ಯಾಲ ನಾವಿಬ್ಬರ ಇದ್ದಿವಿ ಉಡಚಪ್ಪಾ. ಈಗ ನಾ ಒಬ್ಬಾಕೀನ ಆದೆ.