ಕಟ್ಟು ಬಿಚ್ಚದ ಕಡತ

ಸರ್ಕಾರದ ಮುಖ್ಯ ನ್ಯಾಯವಾದಿಗಳೇ,

ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಬಾಯ್ಲರ್‌ಗೆ ಹೊಸ ಸುರಕ್ಷಾ ವಾಲ್ವ್ ಹಾಕಿಸಲಾಗಿದೆ ಎಂದು ತಾವು ನ್ಯಾಯಾಲಯದಲ್ಲಿ ಎದ್ದು ನಿಂತು ಹೇಳಿದಿರಿ. ಹಾಕಿಸಿರಲಿಲ್ಲ. ತಾವು ಹಾಗೆ ಹೇಳಿದ ಹತ್ತೊಂಬತ್ತನೆಯ ದಿನ ಬಾಯ್ಲರ್ ಸಿಡಿದು, ಅಲ್ಲಿ ಕೆಲಸ ಮಾಡುತ್ತಿದ್ದ ನನ್ನ ತಂಗಿಯ ಎರಡೂ ಕಣ್ಣು ಹೋದವು. ತಿಳಿಯದೆ ಮಾತಾಡುವುದು ತಮಗೇನೂ ಹೊಸದಲ್ಲ. ಈ ಸಲ ಅದರ ಬಿಸಿ ನಮಗೆ ತಟ್ಟಿತು, ಅಷ್ಟೆ.

ತಮ್ಮನ್ನು ನಾನು ಚೆನ್ನಾಗಿ ಬಲ್ಲೆ. ಇಪ್ಪತ್ತಾರು ವರ್ಷ ಅದೇ ಪೀಠದ ಕೆಳಗೆ ಕೂತು ಶೀಘ್ರಲಿಪಿಯಲ್ಲಿ ಬರೆದುಕೊಂಡವನು ನಾನು. ತಾವು ನನ್ನನ್ನು ನೋಡಿರಲಾರಿರಿ; ಮೇಜು ಕುರ್ಚಿಗಳನ್ನು ಯಾರು ನೋಡುತ್ತಾರೆ? ಬೇರೆ ವಕೀಲರು ಇಂಥ ಮಾತು ಹೇಳಿದರೆ ನ್ಯಾಯಮೂರ್ತಿಗಳು ಪ್ರಮಾಣಪತ್ರ ಕೇಳುತ್ತಾರೆ. ತಮಗೆ ಮಾತ್ರ ಆ ಕಾಟವಿಲ್ಲ. ತಾವು ಬರೀ ಸರ್ಕಾರದ ವಕೀಲರಲ್ಲ, ನ್ಯಾಯಾಲಯಕ್ಕೆ ಸತ್ಯ ಹೇಳಬೇಕಾದವರು ಎಂಬ ನಂಬಿಕೆ. ಅಂದು ತಮ್ಮ ಕಡತದ ದಾರದ ಗಂಟು ಕೂಡ ಬಿಚ್ಚಿರಲಿಲ್ಲ. ಗುಮಾಸ್ತ ತಂದಿಟ್ಟಿದ್ದನ್ನು ಹಾಗೆಯೇ ಎತ್ತಿಕೊಂಡು ಹೋದ. ವಾಲ್ವ್ ಹಾಕುವವರೆಗೆ ಬಾಯ್ಲರ್ ನಿಲ್ಲಿಸಿ ಎಂದು ಕೆಲಸಗಾರರು ಹಾಕಿದ್ದ ಅರ್ಜಿ ನಾಲ್ಕು ನಿಮಿಷದಲ್ಲಿ ಇತ್ಯರ್ಥವಾಯಿತು. ಊಟದ ಹೊತ್ತಾಗಿತ್ತು, ಪಾಪ, ತಮ್ಮದೇನು ತಪ್ಪು?

ಆ ಸಂಜೆ ತಂಗಿ ಮನೆಗೆ ಬಂದಳು. ಬಾಯ್ಲರ್ ಹತ್ತಿರ ಹೋದರೆ ಎದೆ ಡವಡವ ಅನ್ನುತ್ತದೆ, ಕೆಲಸ ಬಿಟ್ಟುಬಿಡಲೇ ಎಂದು ಕೇಳಿದಳು. ನಾನು ನಕ್ಕುಬಿಟ್ಟೆ.

"ಹುಚ್ಚಿ, ಸರ್ಕಾರದ ದೊಡ್ಡ ವಕೀಲರೇ ಹೇಳಿದಾರೆ ಕಣೇ. ನಾನೇ ಬರ್ಕೊಂಡಿದೀನಿ. ನೆಮ್ಮದಿಯಾಗಿ ಹೋಗು."

ಅವಳು ಹೋದಳು. ಬಿಚ್ಚದ ಗಂಟನ್ನು ಕಣ್ಣಾರೆ ಕಂಡಿದ್ದ ಅಣ್ಣನ ಮಾತು ಕೇಳಿಕೊಂಡು ಹೋದಳು.

ಆ ಕಡತದೊಳಗೆ ಆಸ್ಪತ್ರೆಯ ಎಂಜಿನಿಯರರ ಪತ್ರವಿತ್ತೆಂದು ವಿಚಾರಣಾ ಸಮಿತಿಯ ಮುಂದೆ ಗೊತ್ತಾಯಿತು. ವಾಲ್ವ್ ಬಂದಿಲ್ಲ, ಬರುವವರೆಗೆ ಬಾಯ್ಲರ್ ನಿಲ್ಲಿಸಬೇಕು ಎಂದು ಎರಡೇ ಸಾಲು ಬರೆದಿದ್ದರು. ತಾವೋ, ಇಲಾಖೆಯವರು ಬಾಯಿಮಾತಿನಲ್ಲಿ ತಿಳಿಸಿದ್ದನ್ನೇ ಹೇಳಿದೆ ಎಂದು ಕೈ ತೊಳೆದುಕೊಂಡಿರಿ. ಹೇಳಿಕೊಟ್ಟದ್ದನ್ನು ಹೇಳಲು ಒಂದು ಗಿಳಿ ಸಾಕಿತ್ತಲ್ಲ ಸ್ವಾಮಿ? ಅದಕ್ಕೆ ಕರಿ ಕೋಟೂ ಬೇಡ, ಬಾಗಿಲು ತೆರೆಯುವ ಜವಾನನೂ ಬೇಡ.

ತಮ್ಮ ರಾಜೀನಾಮೆ ನನಗೆ ಬೇಡ. ಕೇಳಿದರೆ ಬಡ್ತಿ ಕೊಟ್ಟಾರು. ನನ್ನ ಬೇಡಿಕೆ ಒಂದೇ. ಆ ಕಡತ ಹಿಡಿದುಕೊಂಡು ನಮ್ಮ ಮನೆಗೆ ಬನ್ನಿ. ತಂಗಿಯ ಎದುರು ಕೂತು, ತಮ್ಮ ಕೈಯಾರೆ ಗಂಟು ಬಿಚ್ಚಿ, ಆ ಎರಡು ಸಾಲು ಓದಿ ಹೇಳಿ. ಅವಳಿಗೆ ಓದಲಾಗುವುದಿಲ್ಲ. ನನಗೆ ಓದುವ ಮುಖವಿಲ್ಲ. ಗಂಟು ಕಂಡಿದ್ದೆ ಎಂದು ಅವಳಿಗೆ ನಾನಿನ್ನೂ ಹೇಳಿಲ್ಲ.

ಇಂತಿ,
ತಮ್ಮ ಸುಳ್ಳನ್ನು ಒಂದಕ್ಷರ ತಪ್ಪದೆ ಬರೆದುಕೊಂಡವನು